ಕೋವಿ ಅದೇ ಇರಲಿ, ಗುಂಡು ಬದಲಾಗಲಿ

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಪಕ್ಕದ ಮನೆಯಲ್ಲಿ ಕೋವಿಗಳನ್ನು ಒರೆಸಿ, ತೋಕ್ ಪೂ ಎಂಬ ಹೂ ಇಟ್ಟು ಪೂಜೆ ಮಾಡಿದ್ದರು. ಮಾತು ಹೇಗೋ ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಹಕ್ಕಿಯತ್ತ ಹೊರಳಿತು. ಅದು ನಮ್ಮ ರಣಹದ್ದಿನಂತೆ ಸತ್ತ ಪ್ರಾಣಿ ತಿನ್ನುವ ಹಕ್ಕಿ. ಬೇಟೆಯ ಗುಂಡಿನ ಸೀಸದಿಂದ ಸಾಯುತ್ತಿದೆ ಎಂದೆ. ಮನೆಯ ಹಿರಿಯರು ಕೇಳಿದರು: "ಬೇಟೆಗಾರ ಮಾಂಸ ಮನೆಗೆ ಒಯ್ದ ಮೇಲೆ ಹಕ್ಕಿಗೆ ಗುಂಡು ಎಲ್ಲಿಂದ ಸಿಗುತ್ತೆ?"

ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಕಾಡುಪ್ರಾಣಿ ಬೇಟೆ ನಿಷಿದ್ಧ. ಅಲ್ಲಿ ಪರವಾನಗಿ ಪಡೆದು ಜಿಂಕೆ ಹೊಡೆಯುತ್ತಾರೆ. ಹೊಡೆದಲ್ಲೇ ಹೊಟ್ಟೆ ಸೀಳಿ ಕರುಳು ತೆಗೆದು ಬಿಟ್ಟುಹೋಗುತ್ತಾರೆ. ಸೀಸ ಮೆತ್ತಗಿನ ಲೋಹ. ರೈಫಲ್ ಗುಂಡು ಎಲುಬಿಗೆ ಬಡಿದಾಗ ಚೂರುಚೂರಾಗುತ್ತದೆ. ಎಕ್ಸ್‌ರೇ ತೆಗೆದರೆ ಗಾಯದ ಸುತ್ತ ನೂರಾರು ಬಿಳಿ ಚುಕ್ಕೆಗಳು ಕಾಣುತ್ತವೆ. ಆ ಕರುಳಿನ ರಾಶಿಗೆ ಕಾಂಡೋರ್ ಇಳಿಯುತ್ತದೆ.

ಎಲುಬನ್ನೂ ಕರಗಿಸುವಷ್ಟು ಖಾರವಾದ ಆಮ್ಲ ಅದರ ಹೊಟ್ಟೆಯಲ್ಲಿದೆ. ಅದೇ ಆಮ್ಲ ಸೀಸವನ್ನೂ ಕರಗಿಸಿ ರಕ್ತಕ್ಕೆ ಬಿಡುತ್ತದೆ. ಮೈ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಒಳಗೆ ಸೇರಿಸಿಕೊಳ್ಳುತ್ತದೆ. ರಕ್ತದ ಕೆಂಪುಬಣ್ಣ ತಯಾರಾಗುವುದು ಕುಂಟುತ್ತದೆ, ನರಗಳು ಸೋಲುತ್ತವೆ. ಕೊನೆಗೆ ಜೀರ್ಣಾಂಗವೇ ಅಲುಗಾಡುವುದಿಲ್ಲ. ತಿಂದದ್ದು ಕೆಳಗಿಳಿಯದೆ, ಹೊಟ್ಟೆ ತುಂಬಿದ್ದೂ ಹಕ್ಕಿ ಹಸಿವಿನಿಂದ ಸಾಯುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ಮನಸ್ಸು ತಡೆಯಲಿಲ್ಲ.

1982ರಲ್ಲಿ ಇಡೀ ಲೋಕದಲ್ಲಿ ಉಳಿದಿದ್ದು 22 ಕಾಂಡೋರ್‌ಗಳು. ಹಿಡಿದು ಸಾಕಿ, ಮರಿ ಮಾಡಿಸಿ, ಮತ್ತೆ ಕಾಡಿಗೆ ಬಿಟ್ಟರು. ಈಗ 500ಕ್ಕೂ ಜಾಸ್ತಿ ಇವೆ. ಆದರೆ ಇವು ಸಾಮಾನ್ಯವಾಗಿ 2 ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿಗಳು. ಒಂದು ಸತ್ತರೂ ದೊಡ್ಡ ನಷ್ಟ, ಅಲ್ವಾ?

ಕ್ಯಾಲಿಫೋರ್ನಿಯಾ 2008ರಿಂದ ಕಾಂಡೋರ್ ಇರುವ ಪ್ರದೇಶದ ಬೇಟೆಯಲ್ಲಿ ಸೀಸದ ಗುಂಡು ನಿಲ್ಲಿಸಿತು. 2019ರಿಂದ ಇಡೀ ರಾಜ್ಯದಲ್ಲಿ. ಒಂದೇ ದಿನ ನೂರಾರು ಕಿಲೋಮೀಟರ್ ಹಾರುವ ಹಕ್ಕಿಗೆ ನಕ್ಷೆಯ ಗೆರೆ ಏನು ಲೆಕ್ಕ? ಪಕ್ಕದ ಅರಿಜೋನಾ ರಾಜ್ಯದಲ್ಲಿ ಬೇರೆ ದಾರಿ ಹಿಡಿದರು. ಕಾಂಡೋರ್ ಇರುವ ಕಡೆಯ ಬೇಟೆಗಾರರಿಗೆ ಸೀಸವಿಲ್ಲದ ಗುಂಡನ್ನು ಪುಕ್ಕಟೆ ಕೊಟ್ಟು, ನೀವೇ ಬದಲಾಯಿಸಿ ಎಂದು ಕೇಳಿಕೊಂಡರು. ಬಹಳ ಮಂದಿ ಒಪ್ಪಿದರು. ನನಗೆ ಇದು ತುಂಬ ಹಿಡಿಸಿತು. ಆದರೂ ಬರೀ ವಿನಂತಿ ಸಾಲದು, ಕಾನೂನೂ ಬೇಕು ಎಂದೇ ನನ್ನ ಅಭಿಪ್ರಾಯ.

ನಾಗರಹೊಳೆಯ ಮೇಲೆ ಹಾರುವ ರಣಹದ್ದುಗಳ ಕಥೆಯೂ ದೂರದ್ದಲ್ಲ. ಭಾರತದಲ್ಲಿ ಅವುಗಳನ್ನು ಕೊಂದದ್ದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ. ಅದೂ ಸತ್ತ ಪ್ರಾಣಿಯ ಮಾಂಸದ ಮೂಲಕವೇ ಹೊಟ್ಟೆ ಸೇರಿತು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಅದನ್ನು ನಿಷೇಧಿಸಿತು. ದನಕ್ಕೆ ಔಷಧಿಯೇ ಬೇಡ ಎಂದು ಯಾರೂ ಹೇಳಲಿಲ್ಲ. ಅದರ ಬದಲು ಮೆಲಾಕ್ಸಿಕಾಮ್ ಎಂಬ ಔಷಧಿ ಕೊಡಿ ಎಂದರು.

ಇಷ್ಟು ಕೇಳಿ ಹಿರಿಯರು ಕೋವಿಯ ಕಡೆ ನೋಡಿದರು. "ಸೀಸ ಬಿಟ್ಟರೆ ಇನ್ನೇನು ಹಾಕ್ತಾರೆ?"

"ತಾಮ್ರ. ಅದು ಚೂರಾಗುವುದು ಬಹಳ ಕಡಿಮೆ. ಹೂವಿನ ಎಸಳಿನಂತೆ ಅರಳಿಕೊಳ್ಳುತ್ತದೆ."

"ಗುರಿ ಸರಿ ಬರುತ್ತಾ?"

ಬರುತ್ತದೆ ಎಂದೆ. ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಹಾಗಾಗಿ ನಾಲ್ಕು ಈಡು ಹೊಡೆದು ಗುರಿ ಮತ್ತೆ ಹೊಂದಿಸಿಕೊಳ್ಳಬೇಕು.

"ಅಷ್ಟೇ ತಾನೆ?" ಎಂದರು.