ಹಸಿರು ಪ್ಯಾಕೆಟ್ ಎಂದರೆ ಯಾವ ಹಾಲು?

ಕರ್ನಾಟಕದಲ್ಲಿ ನಂದಿನಿಯ ಹಸಿರು ಪ್ಯಾಕೆಟ್ಟಿನೊಳಗೆ ಇರುವುದು ಶೇ. 3.5 ಜಿಡ್ಡಿನ ಹೋಮೋಜಿನೈಸ್ಡ್ (ಕೆನೆ ಬೇರೆಯಾಗದಂತೆ ಜಿಡ್ಡನ್ನು ನುಣ್ಣಗೆ ಒಡೆದ) ಹಸುವಿನ ಹಾಲು. ಗಡಿ ದಾಟಿ ತಮಿಳುನಾಡಿಗೆ ಹೋದರೆ ಆವಿನ್ ಡೇರಿಯ ಹಸಿರು ಪ್ಯಾಕೆಟ್ಟಿನಲ್ಲಿರುವುದು ಶೇ. 4.5 ಜಿಡ್ಡಿನ ಸ್ಟ್ಯಾಂಡರ್ಡೈಸ್ಡ್ ಹಾಲು. ಬ್ರಿಟನ್ನಿನಲ್ಲಿ ಹಸಿರು ಮುಚ್ಚಳದ ಬಾಟಲಿಯಲ್ಲಿ ಸಿಗುವುದು ಅರ್ಧ ಕೆನೆ ತೆಗೆದ ಹಾಲು, ಜಿಡ್ಡು ಶೇ. 2ಕ್ಕೂ ಕಡಿಮೆ. ಅಲ್ಲಿ ಕೆನೆ ತೆಗೆಯದ ಹಾಲಿಗೆ ನೀಲಿ ಮುಚ್ಚಳ. ನಮ್ಮಲ್ಲಿ ನೀಲಿ ಎಂದರೆ ಟೋನ್ಡ್, ಅಂದರೆ ಜಿಡ್ಡನ್ನು ಶೇ. 3ಕ್ಕೆ ಇಳಿಸಿದ ಹಾಲು. ‘ಯಾವ ಬಣ್ಣಕ್ಕೆ ಯಾವ ಹಾಲು’ ಎಂಬ ಪಟ್ಟಿಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರುವುದನ್ನು ಕಂಡಾಗ ಬೇಸರವಾಗುವುದು ಇದಕ್ಕೇ. ಒಂದು ಡೇರಿಗೆ ಸರಿಹೊಂದುವ ಪಟ್ಟಿ ಪಕ್ಕದ ರಾಜ್ಯದ ಡೇರಿಗೆ ತಪ್ಪು.

ಕಾನೂನು ಇಂಥ ಹಾಲಿಗೆ ಇಂಥದೇ ಬಣ್ಣ ಎಂದು ಗೊತ್ತುಮಾಡಲಿಲ್ಲ. ಹಾಲು ಗಾಜಿನ ಬಾಟಲಿಯಲ್ಲಿ ಬರುತ್ತಿದ್ದ ಕಾಲದ ನಿಯಮವೊಂದು 2011ರ ಪ್ಯಾಕಿಂಗ್ ಮತ್ತು ಲೇಬಲ್ ನಿಯಮಾವಳಿಯವರೆಗೂ ಉಳಿದುಕೊಂಡು ಬಂತು. ಅದರ ಪ್ರಕಾರ ಬಾಟಲಿಯ ಮುಚ್ಚಳದ ಮೇಲೆ ಹಾಲಿನ ಜಾತಿಯನ್ನು ಪೂರ್ತಿ ಬರೆಯಬೇಕು, ಇಲ್ಲವೇ ಅಕ್ಷರದಲ್ಲಿ ಸೂಚಿಸಬೇಕು: ಎಮ್ಮೆ ಹಾಲಿಗೆ ‘ಬಿ’, ಹಸುವಿನದಕ್ಕೆ ‘ಸಿ’, ಟೋನ್ಡ್‌ಗೆ ‘ಟಿ’, ಡಬಲ್ ಟೋನ್ಡ್‌ಗೆ ‘ಡಿಟಿ’, ಕೆನೆ ತೆಗೆದದ್ದಕ್ಕೆ ‘ಕೆ’, ಪಾಶ್ಚರೀಕರಿಸಿದ್ದರೆ (ಬಿಸಿ ಮಾಡಿ ರೋಗಾಣುಗಳನ್ನು ಕೊಂದಿದ್ದರೆ) ಮುಂದೊಂದು ‘ಪಿ’. ಅಕ್ಷರ ಬೇಡವೆಂದರೆ ಬಣ್ಣವನ್ನೂ ಬಳಸಬಹುದಿತ್ತು. ಆದರೆ ಯಾವ ಬಣ್ಣ ಯಾವ ಹಾಲಿನದು ಎಂಬುದನ್ನು ಮಾರುವ ಜಾಗದಲ್ಲಿ ತೂಗುಹಾಕಿ, ಅಧಿಕಾರಿಗೂ ತಿಳಿಸಬೇಕಿತ್ತು. ಅಂದರೆ ಬಣ್ಣ ಆಯಾ ಡೇರಿ ತನ್ನ ಗ್ರಾಹಕರ ಅನುಕೂಲಕ್ಕೆ ಇಟ್ಟುಕೊಂಡ ಗುರುತು, ಅಷ್ಟೇ. ಗುಣಮಟ್ಟದ ಪ್ರಮಾಣಪತ್ರವಂತೂ ಅಲ್ಲ.

ನೋಡಬೇಕಾದದ್ದು ಪ್ಯಾಕೆಟ್ಟಿನ ಮೇಲೆ ಸಣ್ಣಕ್ಷರದಲ್ಲಿರುವ ಎರಡು ಸಂಖ್ಯೆಗಳನ್ನು. ಒಂದು ಜಿಡ್ಡು, ಇನ್ನೊಂದು ಎಸ್‌ಎನ್‌ಎಫ್. ಡೇರಿಗೆ ಹಾಲು ಹಾಕುವ ರೈತರಿಗೆ ಈ ಎರಡೂ ಮಾತು ದಿನನಿತ್ಯದವು, ಪಟ್ಟಣದವರಿಗೆ ಎರಡನೆಯದು ಅಪರಿಚಿತ. ಹಾಲಿನಿಂದ ನೀರನ್ನೂ ಜಿಡ್ಡನ್ನೂ ತೆಗೆದುಬಿಟ್ಟರೆ ಉಳಿಯುವ ಪ್ರೋಟೀನು, ಹಾಲಿನ ಸಕ್ಕರೆ, ಕ್ಯಾಲ್ಸಿಯಂ ಮುಂತಾದ ಲವಣಗಳು ಸೇರಿ ಎಸ್‌ಎನ್‌ಎಫ್, ಅಂದರೆ ಜಿಡ್ಡೇತರ ಘನಾಂಶ. ಫುಲ್ ಕ್ರೀಮ್ ಹಾಲಿನಲ್ಲಿ ಕನಿಷ್ಠ ಶೇ. 6 ಜಿಡ್ಡು, 9 ಎಸ್‌ಎನ್‌ಎಫ್ ಇರಬೇಕು. ಸ್ಟ್ಯಾಂಡರ್ಡೈಸ್ಡ್‌ನಲ್ಲಿ 4.5 ಮತ್ತು 8.5. ಟೋನ್ಡ್‌ನಲ್ಲಿ 3 ಮತ್ತು 8.5. ಡಬಲ್ ಟೋನ್ಡ್‌ನಲ್ಲಿ ಜಿಡ್ಡು 1.5ಕ್ಕೆ ಇಳಿಯುತ್ತದೆ, ಎಸ್‌ಎನ್‌ಎಫ್ ಮಾತ್ರ 9ಕ್ಕೆ ಏರುತ್ತದೆ. ಕೆನೆರಹಿತ ಹಾಲಿನಲ್ಲಿ ಜಿಡ್ಡು 0.5 ಮೀರಬಾರದು, ಎಸ್‌ಎನ್‌ಎಫ್ 8.7ಕ್ಕೆ ಕಡಿಮೆಯಾಗಬಾರದು.

ಈ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಜಿಡ್ಡು ಆರರಿಂದ ಅರ್ಧದವರೆಗೆ ಜಾರುತ್ತದೆ, ಎಸ್‌ಎನ್‌ಎಫ್ ಎಂಟೂವರೆ–ಒಂಬತ್ತರ ನಡುವೆಯೇ ನಿಲ್ಲುತ್ತದೆ. ಮಕ್ಕಳ ಮೂಳೆಗೆ ಬೇಕಾದ ಕ್ಯಾಲ್ಸಿಯಂ, ಸ್ನಾಯುವಿಗೆ ಬೇಕಾದ ಪ್ರೋಟೀನು ಟೋನ್ಡ್ ಹಾಲಿನಲ್ಲೂ ಫುಲ್ ಕ್ರೀಮ್ ಹಾಲಿನಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಶಕ್ತಿಯಲ್ಲಿ: 100 ಮಿ.ಲೀ. ಟೋನ್ಡ್ ಹಾಲಿನಿಂದ ಸುಮಾರು 58 ಕಿಲೋಕ್ಯಾಲರಿ, ಫುಲ್ ಕ್ರೀಮಿನಿಂದ ಸುಮಾರು 87. ಜಿಡ್ಡಿನಲ್ಲಿ ಕರಗುವ ‘ಎ’ ಮತ್ತು ‘ಡಿ’ ಜೀವಸತ್ವಗಳು ಕೆನೆಯ ಜೊತೆಗೇ ಹೊರಟುಹೋಗುವುದು ನಿಜ. ಅದಕ್ಕೇ ಅನೇಕ ಡೇರಿಗಳು ಅವನ್ನು ಮತ್ತೆ ಸೇರಿಸುತ್ತವೆ. ಹಾಗೆ ಸೇರಿಸಿದ ಪ್ಯಾಕೆಟ್ಟಿನ ಮೇಲೆ ‘ಪ್ಲಸ್ ಎಫ್’ ಗುರುತು ಇರುತ್ತದೆ. ಎರಡು ವರ್ಷ ತುಂಬದ ಮಗುವಿಗೆ ಜಿಡ್ಡಿಳಿಸಿದ ಹಾಲು ಸಲ್ಲದು, ಒಂದು ವರ್ಷದೊಳಗಿನ ಕೂಸಿಗೆ ತಾಯಿಹಾಲಿನ ಬದಲು ಯಾವ ಪ್ಯಾಕೆಟ್ಟೂ ಸಲ್ಲದು.

‘ಟೋನ್ಡ್ ಅಂದರೆ ನೀರು ಬೆರೆಸಿದ ಹಾಲು ತಾನೇ?’ ಎಂಬ ಪ್ರಶ್ನೆಗೆ ಉತ್ತರ 1940ರ ದಶಕದ ಮುಂಬಯಿಯಲ್ಲಿದೆ. ಅಲ್ಲಿ ಎಮ್ಮೆ ಹಾಲು ಗಟ್ಟಿಯಾಗಿತ್ತು, ದುಬಾರಿಯಾಗಿತ್ತು, ಸಾಲದಾಗಿತ್ತು. ದಾರಾ ಖುರೋಡಿ ಎಂಬ ಡೇರಿ ತಜ್ಞರು ಎಮ್ಮೆ ಹಾಲಿನ ಜಿಡ್ಡನ್ನು ಹಂಚಿ ಹೆಚ್ಚು ಜನರಿಗೆ ಹಾಲು ಮುಟ್ಟಿಸುವ ದಾರಿ ಹುಡುಕಿದರು. ಮುಂದೆ 1963ರಲ್ಲಿ ವರ್ಗೀಸ್ ಕುರಿಯನ್, ತ್ರಿಭುವನದಾಸ್ ಪಟೇಲರ ಜೊತೆ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು ಇವರೇ. ಲೆಕ್ಕ ಸರಳವಾಗಿದೆ. ಶೇ. 7 ಜಿಡ್ಡಿನ 43 ಕಿಲೋ ಎಮ್ಮೆ ಹಾಲಿನಲ್ಲಿ 3 ಕಿಲೋ ಜಿಡ್ಡಿದೆ. ಅದನ್ನು 100 ಕಿಲೋಗೆ ಹಿಗ್ಗಿಸಿದರೆ ಜಿಡ್ಡು ಶೇ. 3 ಆಯಿತು. ಬರೀ 57 ಕಿಲೋ ನೀರು ಸುರಿದು ಹಿಗ್ಗಿಸಿದರೆ? ಎಸ್‌ಎನ್‌ಎಫ್ ಶೇ. 4ಕ್ಕೆ ಕುಸಿಯುತ್ತದೆ. ಅದು ಕಲಬೆರಕೆ. ನೀರನ್ನು ಸುಮಾರು 52.3 ಕಿಲೋಗೆ ನಿಲ್ಲಿಸಿ, 4.7 ಕಿಲೋ ಕೆನೆರಹಿತ ಹಾಲಿನ ಪುಡಿಯನ್ನು ಕರಗಿಸಿದರೆ ಎಸ್‌ಎನ್‌ಎಫ್ ಮತ್ತೆ 8.5ಕ್ಕೆ ಬಂದು ನಿಲ್ಲುತ್ತದೆ. ಅದು ಟೋನ್ಡ್ ಹಾಲು. ಎರಡರಲ್ಲೂ ಜಿಡ್ಡು ಅಷ್ಟೇ ಇದೆ. ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ಆ ಎರಡನೆಯ ಸಂಖ್ಯೆ. ನಮ್ಮ ಕಡೆ ಹಸುವಿನ ಹಾಲೇ ಹೆಚ್ಚಾಗಿರುವುದರಿಂದ ಟೋನ್ಡ್ ಮಾಡಲು ಪುಡಿ ಬೇಕೇಬೇಕೆಂದಿಲ್ಲ. ಶೇ. 3.8 ಜಿಡ್ಡಿರುವ ಹಾಲಿನಿಂದ ಒಂದಿಷ್ಟು ಕೆನೆ ತೆಗೆದರೂ ಸಾಕು.

ಲ್ಯಾಕ್ಟೋಮೀಟರ್ ಹಿಡಿದು ಪ್ಯಾಕೆಟ್ ಹಾಲನ್ನು ಪರೀಕ್ಷಿಸುವವರು ಎಡವುವುದು ಇಲ್ಲಿಯೇ. ಅದು ಅಳೆಯುವುದು ಸಾಂದ್ರತೆಯನ್ನು ಮಾತ್ರ. ನೀರು ಬೆರೆತರೆ ಸಾಂದ್ರತೆ ಇಳಿಯುತ್ತದೆ, ಹಗುರವಾದ ಜಿಡ್ಡನ್ನು ತೆಗೆದರೆ ಏರುತ್ತದೆ. ಕೆನೆಯನ್ನೂ ತೆಗೆದು ನೀರನ್ನೂ ಬೆರೆಸಿದ ಹಾಲಿನಲ್ಲಿ ಏರಿಕೆ ಇಳಿಕೆಯನ್ನು ತಿಂದುಹಾಕಿ, ಕಡ್ಡಿ ಶುದ್ಧ ಹಾಲಿನ ಗೆರೆಯಲ್ಲೇ ನಿಲ್ಲಬಹುದು. ಹೀಗಾಗಿ ಡೇರಿಗಳಲ್ಲಿ ಜಿಡ್ಡನ್ನು ಬೇರೆಯಾಗಿಯೇ ಅಳೆಯುತ್ತಾರೆ. ಹಳೆಯ ಗರ್ಬರ್ ವಿಧಾನದಲ್ಲಿ 10 ಮಿ.ಲೀ. ಸಲ್ಫ್ಯೂರಿಕ್ ಆಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಆಮ್ಲ ಪ್ರೋಟೀನನ್ನು ಕರಗಿಸುತ್ತದೆ, ಯಂತ್ರದಲ್ಲಿ ಗಿರ‍್ರನೆ ತಿರುಗಿಸಿದಾಗ ಜಿಡ್ಡು ಬೇರೆಯಾಗಿ ಗೆರೆ ಹಾಕಿದ ಕೊರಳಿಗೆ ಬಂದು ಕೂರುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಸೊಗಸೆನಿಸುವ ವಿಷಯ, ಕೆನೆಯದು. ‘ಹೋಮೋಜಿನೈಸ್ಡ್ ಹಾಲಿಗೆ ಕೆನೆ ಕಟ್ಟುವುದಿಲ್ಲ, ಏನೋ ರಾಸಾಯನಿಕ ಹಾಕಿದ್ದಾರೆ’ ಎಂಬ ಗುಮಾನಿಗೆ ಉತ್ತರವೂ ಇದರಲ್ಲೇ ಇದೆ. ಹಾಲಿನ ಜಿಡ್ಡು ಕರಗಿರುವುದಿಲ್ಲ, ಪುಟ್ಟ ಪುಟ್ಟ ಗೋಲಿಗಳಾಗಿ ತೇಲುತ್ತಿರುತ್ತದೆ. ಒಂದು ಗೋಲಿಯ ಅಡ್ಡಳತೆ ಸರಾಸರಿ 3–4 ಮೈಕ್ರಾನ್, ಮಿಲಿಮೀಟರಿನ ಸಾವಿರದಲ್ಲಿ ಮೂರು–ನಾಲ್ಕು ಪಾಲು. ಸುತ್ತಲಿನ ದ್ರವಕ್ಕಿಂತ ಹಗುರವಾದ್ದರಿಂದ ಗೋಲಿ ಮೇಲೇರುತ್ತದೆ. ಏರುವ ವೇಗ ಅಡ್ಡಳತೆಯ ವರ್ಗಕ್ಕೆ ತಕ್ಕಂತಿರುತ್ತದೆ ಎನ್ನುತ್ತದೆ ಸ್ಟೋಕ್ಸ್ ನಿಯಮ. ಅಡ್ಡಳತೆ ಅರ್ಧವಾದರೆ ವೇಗ ಕಾಲುಭಾಗ, ಎಂಟನೆಯ ಒಂದಾದರೆ ಅರವತ್ತನಾಲ್ಕನೆಯ ಒಂದು. ನೀರಿಗೆ ಬಿದ್ದ ಕಲ್ಲು ಕ್ಷಣದಲ್ಲಿ ತಳ ಸೇರುತ್ತದೆ, ಅದೇ ಕಲ್ಲಿನ ಪುಡಿ ಕೆರೆಯ ನೀರನ್ನು ವಾರಗಟ್ಟಲೆ ಬಗ್ಗಡವಾಗಿಟ್ಟಿರುತ್ತದೆ. ಜೋಳ ಕೇರುವಾಗ ಕಾಳು ಮೊರಕ್ಕೇ ಬೀಳುತ್ತದೆ, ದೂಳು ಗಾಳಿಯಲ್ಲೇ ತೇಲುತ್ತದೆ. ಹಾಲಿನಲ್ಲಿ ದಿಕ್ಕು ಮಾತ್ರ ತಿರುಗುಮುರುಗು, ಲೆಕ್ಕ ಅದೇ. ಫ್ರಿಜ್ಜಿನ ತಣ್ಣನೆ ಹಾಲಿನಲ್ಲಿ 4 ಮೈಕ್ರಾನಿನ ಗೋಲಿ ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಏರಿದರೆ, ಅರ್ಧ ಮೈಕ್ರಾನಿನದು ದಿನವಿಡೀ ಏರಿದರೂ ಅರ್ಧ ಮಿಲಿಮೀಟರ್ ಮುಟ್ಟುವುದಿಲ್ಲ. ಹಸುವಿನ ಹಸಿ ಹಾಲಿನಲ್ಲಿ ಕೆನೆ ಇದಕ್ಕಿಂತಲೂ ಬೇಗ ಮೇಲೆ ಬರುವುದಕ್ಕೆ ಇನ್ನೊಂದು ಕಾರಣವಿದೆ: ತಂಪಿನಲ್ಲಿ ಅದರ ಒಂದು ಬಗೆಯ ಪ್ರೋಟೀನು ಗೋಲಿಗಳನ್ನು ಗೊಂಚಲು ಕಟ್ಟುತ್ತದೆ, ಗೊಂಚಲು ಒಂದೇ ದೊಡ್ಡ ಗೋಲಿಯಂತೆ ಸರಸರ ಏರುತ್ತದೆ.

ಹೋಮೋಜಿನೈಸ್ ಮಾಡುವುದೆಂದರೆ ಗೋಲಿಗಳನ್ನು ಒಡೆಯುವುದು, ಇನ್ನೇನಿಲ್ಲ. ಫ್ರಾನ್ಸಿನ ಆಗಸ್ಟ್ ಗೋಲಾಂ 1899ರಲ್ಲಿ ಇದರ ಯಂತ್ರಕ್ಕೆ ಪೇಟೆಂಟ್ ಪಡೆದ. 60–70 ಡಿಗ್ರಿಗೆ ಬಿಸಿ ಮಾಡಿದ ಹಾಲನ್ನು ವಾತಾವರಣದ ಒತ್ತಡದ 150–200 ಪಟ್ಟು ಒತ್ತಡದಲ್ಲಿ ಕೂದಲೆಳೆಯಂಥ ಸಂದಿನ ಮೂಲಕ ನೂಕುತ್ತಾರೆ. 4 ಮೈಕ್ರಾನಿನ ಒಂದು ಗೋಲಿ ಅರ್ಧ ಮೈಕ್ರಾನಿನ 512 ಗೋಲಿಗಳಾಗುತ್ತದೆ. ಒಟ್ಟು ಜಿಡ್ಡು ಅಷ್ಟೇ, ಮೇಲ್ಮೈ ಎಂಟು ಪಟ್ಟು. ಆ ಹೊಸ ಮೇಲ್ಮೈಯನ್ನು ಹೊದೆಯಲು ಹಳೆಯ ಪೊರೆ ಸಾಲದೆ ಹಾಲಿನದೇ ಕೇಸೀನ್ ಪ್ರೋಟೀನು ಬಂದು ಅಂಟಿಕೊಳ್ಳುತ್ತದೆ. ಯಾವ ರಾಸಾಯನಿಕವೂ ಬೇಕಿಲ್ಲ. ಗೋಲಿಗಳ ಸಂಖ್ಯೆ ಹೆಚ್ಚಿದ್ದಕ್ಕೆ ಬೆಳಕು ಹೆಚ್ಚು ಚದುರಿ ಹಾಲು ಇನ್ನಷ್ಟು ಬೆಳ್ಳಗೆ ಕಾಣುತ್ತದೆ, ನಾಲಿಗೆಗೆ ಗಟ್ಟಿ ಎನಿಸುತ್ತದೆ. ಶೇ. 3.5ರ ಹಾಲು ಹೆಚ್ಚು ಜಿಡ್ಡಿನದೆಂದು ಭ್ರಮೆ ಹುಟ್ಟಿಸುವುದು ಇದೇ. ಒಂದು ಅಪಾಯವೂ ಇದೆ. ಹಸಿ ಹಾಲಿನಲ್ಲಿರುವ ಲೈಪೇಸ್ ಎಂಬ ಕಿಣ್ವಕ್ಕೆ ಪೊರೆ ಹರಿದ ಜಿಡ್ಡು ಸಿಕ್ಕರೆ ಹಾಲು ಬೇಗನೆ ಕಮಟು ವಾಸನೆ ಹೊಡೆಯುತ್ತದೆ. ಆದ್ದರಿಂದ ಗೋಲಿ ಒಡೆದ ಬೆನ್ನಿಗೇ ಪಾಶ್ಚರೀಕರಿಸಿ ಆ ಕಿಣ್ವವನ್ನು ಕೊಲ್ಲಲೇಬೇಕು.

ಮನೆಯಲ್ಲಿ ಕೆನೆ ಕೂಡಿಟ್ಟು ಬೆಣ್ಣೆ ತೆಗೆಯುವವರು ಈ ಹಾಲನ್ನು ಕೊಂಡರೆ ನಷ್ಟ. ಕಾಯಿಸಿದಾಗ ತೆಳ್ಳನೆ ಪದರ ಬರುತ್ತದೆ, ಆದರೆ ಅದು ಬಹುಪಾಲು ಬಿಸಿಗೆ ಹೆಪ್ಪುಗಟ್ಟಿದ ಪ್ರೋಟೀನು. ಕಡೆದರೆ ಬೆಣ್ಣೆಯೂ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಅವರು ಹುಡುಕಬೇಕಾದದ್ದು ‘ಹೋಮೋಜಿನೈಸ್ಡ್’ ಎಂಬ ಮಾತಿಲ್ಲದ ಫುಲ್ ಕ್ರೀಮ್ ಅಥವಾ ಸ್ಟ್ಯಾಂಡರ್ಡೈಸ್ಡ್ ಹಾಲು. ಮೊಸರಿಗಾದರೆ ಹೋಮೋಜಿನೈಸ್ಡ್ ಹಾಲೇ ಚೆನ್ನ, ನುಣ್ಣಗೆ ಒಂದೇ ಹದದಲ್ಲಿ ಹೆಪ್ಪಾಗುತ್ತದೆ, ಮೇಲೆ ಪದರ ಕಟ್ಟುವುದಿಲ್ಲ. ಡಬಲ್ ಟೋನ್ಡ್ ಹಾಲಿನ ಮೊಸರು ನೀರಾಗಿರುತ್ತದೆಂದು ಹೆದರಬೇಕಿಲ್ಲ. ಮೊಸರಿನ ಗಟ್ಟಿತನಕ್ಕೆ ಆಧಾರ ಪ್ರೋಟೀನಿನ ಬಲೆ, ಡಬಲ್ ಟೋನ್ಡ್ ಹಾಲಿನ ಎಸ್‌ಎನ್‌ಎಫ್ ಟೋನ್ಡ್‌ಗಿಂತ ಹೆಚ್ಚು. ಕಡಿಮೆಯಾಗುವುದು ಜಿಡ್ಡಿನ ರುಚಿ.

ಪಾಶ್ಚರೀಕರಣಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಫ್ರಿಜ್ಜಿನಲ್ಲಿಡುವ ಪ್ಯಾಕೆಟ್ಟುಗಳ ಹಾಲನ್ನೆಲ್ಲ 72 ಡಿಗ್ರಿಯಲ್ಲಿ 15 ಸೆಕೆಂಡು, ಇಲ್ಲವೇ 63 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ತಟ್ಟನೆ ತಣಿಸಿರುತ್ತಾರೆ. ರೋಗಾಣುಗಳು ಸಾಯುತ್ತವೆ, ಹುಳಿ ಬರಿಸುವ ಕೆಲವು ಬ್ಯಾಕ್ಟೀರಿಯಾಗಳು ಉಳಿಯುತ್ತವೆ. ಹಾಗಾಗಿ ಅದು 5 ಡಿಗ್ರಿಯೊಳಗಿರಬೇಕು. ಬೆಳಗ್ಗೆ ಬಾಗಿಲಲ್ಲಿ ಬಿದ್ದ ಪ್ಯಾಕೆಟ್ಟು ಬಿಸಿಲೇರುವತನಕ ಅಲ್ಲೇ ಇದ್ದರೆ ಕಾಯಿಸುವಾಗ ಒಡೆಯುವುದಕ್ಕೆ ಕಾರಣ ಅದೇ ಹುಳಿ. ಯುಎಚ್‌ಟಿ (ಅತಿ ಹೆಚ್ಚು ಬಿಸಿಯಲ್ಲಿ ಕಾಯಿಸಿದ) ಹಾಲನ್ನು 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡು ಕಾಯಿಸಿ, ಸೂಕ್ಷ್ಮಾಣುಗಳಿಲ್ಲದ ಜಾಗದಲ್ಲಿ ಬೆಳಕೂ ಗಾಳಿಯೂ ತಾಗದ ಪದರಗಳ ಪೊಟ್ಟಣಕ್ಕೆ ತುಂಬುತ್ತಾರೆ. ಅದು ತಿಂಗಳುಗಟ್ಟಲೆ ಹೊರಗೇ ಉಳಿಯುವುದು ಬಿಸಿಯಿಂದ ಮತ್ತು ಪೊಟ್ಟಣದಿಂದ, ಕೆಡದಂತೆ ತಡೆಯುವ ಯಾವ ಪುಡಿಯಿಂದಲೂ ಅಲ್ಲ. ಪೊಟ್ಟಣದ ಮೂಲೆ ಕತ್ತರಿಸಿದ ಕ್ಷಣದಿಂದ ಗಾಳಿಯ ಸೂಕ್ಷ್ಮಾಣುಗಳಿಗೆ ದಾರಿಯಾಗುತ್ತದೆ, ಆಮೇಲೆ ಅದನ್ನೂ ಫ್ರಿಜ್ಜಿನಲ್ಲಿಟ್ಟು ಎರಡು–ಮೂರು ದಿನದೊಳಗೆ ಬಳಸಿಬಿಡಬೇಕು.