ಹಾಳೆ ತಟ್ಟೆ ಹಡಗು ಏರಿದ ದಾರಿ: ಮಲೆನಾಡಿನ ಸಣ್ಣ ಉದ್ಯಮಿಗಳು ಬೆಳೆದದ್ದು ಹೇಗೆ, ಸಿಕ್ಕಿಕೊಂಡದ್ದು ಎಲ್ಲಿ

2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯಿಂದ, ಅಂದರೆ ಅಡಿಕೆ ಮರದ ಸೋಗೆಯ ಅಗಲವಾದ ಬುಡದಿಂದ, ಮಾಡಿದ ತಟ್ಟೆ, ಬಟ್ಟಲುಗಳಲ್ಲಿ ಆಹಾರ ಬಡಿಸಬಾರದು ಎಂದಿತು. ಅಡಿಕೆ ಮರದಲ್ಲಿರುವ ಆಲ್ಕಲಾಯ್ಡ್ ಎಂಬ ಸಸ್ಯ ರಾಸಾಯನಿಕದ ಅಂಶ ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಎಂಬುದು ಅದು ಕೊಟ್ಟ ಕಾರಣ. ಆಗಸ್ಟ್‌ನಲ್ಲಿ ಅದೇ ದೇಶ ಭಾರತದ ಅನೇಕ ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಇವೆರಡರ ನಡುವೆ ಅಡಿಕೆ ಜಗಿದರೆ ಕ್ಯಾನ್ಸರ್ ಬರುತ್ತದೆಯೇ ಎಂಬ ಹಳೆಯ ವಾದವೂ ಬಂದು ಸೇರಿತು. ಶಿವಮೊಗ್ಗ ಜಿಲ್ಲೆಯ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ತಟ್ಟೆ ಘಟಕಗಳಲ್ಲಿ ಈಗ ಮೂರೂ ಕಲಸಿಹೋಗಿವೆ. ಸುಂಕ ಹೋದರೆ ಎಲ್ಲ ಸರಿಯಾಗುತ್ತದೆ ಎಂದು ಒಬ್ಬರು ಕಾಯುತ್ತಾರೆ, ಅಡಿಕೆ ಪರವಾದ ವರದಿ ಬಂದರೆ ತಟ್ಟೆಯೂ ಬಚಾವಾಗುತ್ತದೆ ಎಂದು ಇನ್ನೊಬ್ಬರು ನಂಬಿದ್ದಾರೆ. ಇವು ಮೂರು ಬೇರೆ ಬೇರೆ ಗಂಟುಗಳು. ಬಿಡಿಸಬೇಕಾದರೆ ಹಾಳೆಗೆ ಬೆಲೆಯೇ ಇಲ್ಲದಿದ್ದ ಕಾಲಕ್ಕೆ ಹೋಗಬೇಕು.

1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹ, ಅರುವತ್ತರ ದಶಕದ ಲಿಂಗನಮಕ್ಕಿ ಅಣೆಕಟ್ಟೆಯ ಮುಳುಗಡೆ, 1974ರ ಭೂಸುಧಾರಣೆ: ಇವಿಷ್ಟರ ನಡುವೆ ಗೇಣಿದಾರ ಮಾಲೀಕನಾದ, ಮುಳುಗಡೆಯವರು ಕಾಡಂಚಿನಲ್ಲಿ ಹೊಸದಾಗಿ ನೆಲೆ ಹುಡುಕಿದರು, ತೋಟ ಅಣ್ಣತಮ್ಮಂದಿರ ನಡುವೆ ಪಾಲಾಗುತ್ತಾ ಎಕರೆ, ಅರ್ಧ ಎಕರೆಗೆ ಇಳಿಯಿತು. ಮಾರಾಟದ ವ್ಯವಸ್ಥೆ ಮಾತ್ರ ಅಡಿಕೆಯ ಸುತ್ತಲೇ ಬೆಳೆಯಿತು. ಶಿವಮೊಗ್ಗದ ಮಂಡಿಗಳಿರಲಿ, 1939ರಲ್ಲಿ ಹುಟ್ಟಿದ ಅಡಿಕೆ ಮಾರಾಟ ಸಹಕಾರ ಸಂಘ ಮಾಮ್‌ಕೋಸ್ ಇರಲಿ, ಲೆಕ್ಕ ಹಾಕಿದ್ದು ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಧಾರಣೆಯನ್ನು. ಮರದಿಂದ ಕಳಚಿ ಬಿದ್ದ ಹಾಳೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಹಸಿಯಾಗಿದ್ದರೆ ಕೊಚ್ಚಿ ದನಕ್ಕೆ, ಒಣಗಿದರೆ ಬಚ್ಚಲ ಒಲೆಗೆ ಅಥವಾ ಗೊಬ್ಬರದ ಗುಂಡಿಗೆ. ಕೂಲಿಯವರ ತಲೆಗೆ ಟೊಪ್ಪಿ, ಮಕ್ಕಳಿಗೆ ಕೂತು ಎಳೆಸಿಕೊಳ್ಳುವ ಗಾಡಿ.

ಆದರೆ ಪ್ರಮಾಣ ಸಣ್ಣದಲ್ಲ. ಎಕರೆಗೆ ಸುಮಾರು 550 ಮರ, ಮರವೊಂದಕ್ಕೆ ವರ್ಷಕ್ಕೆ ಏಳೆಂಟು ಹಾಳೆ ಎಂದರೆ ಎಕರೆಗೆ ನಾಲ್ಕು ಸಾವಿರದಷ್ಟು ಹಾಳೆ ಬೀಳುತ್ತದೆ. ಒಳ್ಳೆಯ ಹಾಳೆಯೊಂದರಲ್ಲಿ ಒಂದು ದೊಡ್ಡ ತಟ್ಟೆ, ಒಂದೆರಡು ಸಣ್ಣ ಬಟ್ಟಲು ಸಿಗುತ್ತವೆ. ತೊಳೆದು, ನೆನೆಸಿ, ನೀರು ಬಸಿದು, ಕಾದ ಅಚ್ಚಿನ ನಡುವೆ ಒತ್ತಿದರೆ ತಟ್ಟೆ ಸಿದ್ಧ. ಅಂಟು ಬೇಡ, ಬಣ್ಣ ಬೇಡ. ಮೊದಲು ಬಂದದ್ದು ಕಾಲಿನಿಂದ ತುಳಿದು ಒತ್ತುವ ಯಂತ್ರ, ಆಮೇಲೆ ಹೈಡ್ರಾಲಿಕ್. ಜಮೀನು ಕಡಿಮೆ ಇದ್ದವರಿಗೆ, ಹೆಚ್ಚು ಓದದ ಹೆಣ್ಣುಮಕ್ಕಳಿಗೆ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ಹುಡುಗರಿಗೆ ಇದು ಕೈಗೆಟಕುವ ಉದ್ಯಮವಾಗಿ ಕಂಡಿತು. ಭದ್ರಾವತಿಯ ಕಾಗದದ ಕಾರ್ಖಾನೆ ನಿಂತುಹೋದ ಜಿಲ್ಲೆಯಲ್ಲಿ, ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಜನಕ್ಕೆ ಕೆಲಸ ಕೊಡುವುದು ಸಣ್ಣ ಮಾತಲ್ಲ. ಆ ಜನರ ಬಗ್ಗೆ ನನಗೆ ಗೌರವವಿದೆ, ಅದನ್ನು ಮುಚ್ಚಿಡಬೇಕಾದ ಕಾರಣವೂ ಇಲ್ಲ.

ಈ ಉದ್ಯಮಕ್ಕೆ ನಿಜವಾದ ತಳ್ಳು ಸಿಕ್ಕಿದ್ದು 2008ರಿಂದ ಈಚೆಗೆ. ಆ ವರ್ಷ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ, ಎಲ್ಲರ ಬಾಯಲ್ಲಿ ಪಿಎಂಇಜಿಪಿ, ಜಾರಿಗೆ ಬಂತು. ಗ್ರಾಮೀಣ ಭಾಗದ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು ಮುಂತಾದವರಿಗೆ ಶೇ 35 ಸಬ್ಸಿಡಿ. ಕೈಯಿಂದ ಹಾಕಬೇಕಾದದ್ದು ಶೇ 10, ಎರಡನೆಯ ಗುಂಪಿನವರಿಗೆ ಶೇ 5. 2015ರಲ್ಲಿ ಸಣ್ಣ ಉದ್ಯಮಗಳಿಗೆ ಕೇಂದ್ರದ ಮುದ್ರಾ ಸಾಲವೂ ಬಂತು.

ಹತ್ತಿರದಿಂದ ನೋಡಿದ ಘಟಕಗಳ ಆರಂಭ ಹೆಚ್ಚುಕಡಿಮೆ ಒಂದೇ ಬಗೆಯದು. ಸ್ತ್ರೀಶಕ್ತಿ ಸಂಘದ ಸಭೆಯಲ್ಲೋ ನೆಂಟರ ಮನೆಯಲ್ಲೋ ಯಂತ್ರದ ಸುದ್ದಿ ಕಿವಿಗೆ ಬೀಳುತ್ತದೆ. ‘ದನಕ್ಕೆ ಹಾಕುವ ಹಾಳೆಗೆ ಬ್ಯಾಂಕ್ ಸಾಲವೇ?’ ಎಂದು ಮಾವ ಕೇಳುತ್ತಾರೆ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಓಡಾಟ, ಯೋಜನಾ ವರದಿ, ತರಬೇತಿ, ಮತ್ತೆ ಬ್ಯಾಂಕಿಗೆ ಓಡಾಟ. ಸಬ್ಸಿಡಿ ಎಂದರೆ ಕೈಗೆ ಬರುವ ಹಣ ಎಂದುಕೊಂಡವರಿಗೆ, ಅದು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ, ಘಟಕ ಉಳಿದಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ ಎಂಬುದು ಆಮೇಲೆ ತಿಳಿಯುತ್ತದೆ. ಯಂತ್ರ ಬಂದ ಮೇಲೆ ತ್ರೀ ಫೇಸ್ ವಿದ್ಯುತ್ತಿನ ಪ್ರಶ್ನೆ. ಅಚ್ಚು ಕಾಯಿಸುವ ಹೀಟರ್‌ಗಳು ನಿರಂತರ ವಿದ್ಯುತ್ ಬೇಡುತ್ತವೆ. ಆಷಾಢದ ಗಾಳಿಗೆ ಮರ ಬಿದ್ದು ತಂತಿ ಕಡಿದರೆ ಅಚ್ಚು ತಣ್ಣಗಾಗುತ್ತದೆ, ಕೂಲಿ ಮಾತ್ರ ಕೊಡಬೇಕು.

ಎಲ್ಲಕ್ಕಿಂತ ದೊಡ್ಡ ಕಷ್ಟ ಮಳೆ. ಮಲೆನಾಡಿನಲ್ಲಿ ಒಣ ಹಾಳೆ ಸಿಗುವುದು ಬೇಸಿಗೆ ಮುಗಿಯುವವರೆಗೆ ಮಾತ್ರ. ಜೂನ್ ಹಿಡಿದರೆ ಬಿದ್ದ ಹಾಳೆಗೆ ಎರಡೇ ದಿನದಲ್ಲಿ ಕಪ್ಪು ಚುಕ್ಕೆ, ಬೂಷ್ಟು. ಆದ್ದರಿಂದ ವರ್ಷಪೂರ್ತಿ ಯಂತ್ರ ಓಡಬೇಕಾದರೆ ಮೇ ಒಳಗೆ ಹಾಳೆ ಕೊಂಡು, ಒಣಗಿಸಿ, ತೇವ ತಾಗದಂತೆ ಪೇರಿಸಿಡಬೇಕು. ಅಂದರೆ ಆರು ತಿಂಗಳ ಕಚ್ಚಾ ಸಾಮಗ್ರಿಗೆ ಒಮ್ಮೆಲೇ ಹಣ ಸುರಿಯಬೇಕು. ಯೋಜನಾ ವರದಿಗಳಲ್ಲಿ ಯಂತ್ರಕ್ಕೆ ದೊಡ್ಡ ಮೊತ್ತ, ದಾಸ್ತಾನಿಗೆ ಸಣ್ಣ ಮೊತ್ತ. ಈ ಒಂದು ಅಸಮತೋಲನದಿಂದ ಮುಚ್ಚಿದ ಘಟಕಗಳು ಹಲವು. ಚನ್ನಗಿರಿ, ಭದ್ರಾವತಿ ಕಡೆಯ ಬಯಲು ತೋಟಗಳ ಹಾಳೆ ಬಿಸಿಲಿಗೆ ಚೆನ್ನಾಗಿ ಒಣಗುತ್ತದೆ. ಅದನ್ನು ಲಾರಿಗಟ್ಟಲೆ ಕೊಂಡೊಯ್ಯಲು ತಮಿಳುನಾಡಿನ ದೊಡ್ಡ ಘಟಕಗಳೂ ಬರುತ್ತವೆ. ಘಟ್ಟದ ಸಣ್ಣ ಉದ್ಯಮಿ ತನ್ನ ಊರಿನ ಹಾಳೆಯನ್ನೇ ಅವರ ಜೊತೆ ಪೈಪೋಟಿ ಮಾಡಿ ಕೊಳ್ಳಬೇಕಾಯಿತು.

ಇಷ್ಟರ ನಡುವೆಯೂ ಕೆಲವರು ಗೆದ್ದರು. ಗೆದ್ದವರನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಅವರು ಎರಡನೆಯ ಯಂತ್ರಕ್ಕಿಂತ ಮೊದಲು ಗಾಳಿಯಾಡುವ ಅಟ್ಟ ಕಟ್ಟಿಸಿದವರು. ಸುತ್ತಲಿನ ಮನೆಗಳ ಹೆಂಗಸರಿಗೆ ಹಾಳೆ ಆಯ್ದು ಒಣಗಿಸುವ ಕ್ರಮ ಹೇಳಿಕೊಟ್ಟು, ಹಾಳೆಗೆ ಇಷ್ಟು ಎಂದು ಕೈಗೇ ಹಣ ಕೊಟ್ಟವರು. ತೋಟದ ಆದಾಯ ಯಜಮಾನರ ಖಾತೆಗೆ ಹೋಗುವ ಮನೆಗಳಲ್ಲಿ ಹಾಳೆಯ ದುಡ್ಡು ಮನೆಯೊಡತಿಯದಾಯಿತು. ಪತ್ರಿಕೆಗಳು ಇವರನ್ನು ಸಾಧಕರೆಂದು ಬರೆದವು, ಅದು ನಿಜವೂ ಹೌದು. ಆದರೆ ಆ ಬರಹಗಳಲ್ಲಿ ಯಂತ್ರಗಳ ಸಂಖ್ಯೆ ಇರುತ್ತಿತ್ತು, ಅಟ್ಟದ ಪ್ರಸ್ತಾಪ ಇರುತ್ತಿರಲಿಲ್ಲ. ಓದಿ ಹುರುಪುಗೊಂಡು ಯಂತ್ರ ತಂದವರಿಗೆ ಅರ್ಧ ಪಾಠವೇ ಸಿಕ್ಕಿತು.

ಕಾನೂನುಗಳೂ ಒಂದರ ಹಿಂದೆ ಒಂದರಂತೆ ಅನುಕೂಲವಾಗಿಯೇ ಬಂದವು. 2016ರ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ನಿಷೇಧಿಸಿತು. 2019ರ ಅಕ್ಟೋಬರ್‌ನಿಂದ ಎಲೆ, ಹೂವು, ತೊಗಟೆಯ ತಟ್ಟೆ, ಬಟ್ಟಲುಗಳ ಮೇಲಿನ ಶೇ 5 ಜಿಎಸ್‌ಟಿ ಶೂನ್ಯವಾಯಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಗ್ರಿಗಳಿಗೆ ದೇಶದಾದ್ಯಂತ ನಿಷೇಧ ಬಂತು. ಅದೇ ವರ್ಷ ಪಿಎಂಇಜಿಪಿಯಲ್ಲಿ ಉತ್ಪಾದನಾ ಘಟಕದ ಮಿತಿ 25 ಲಕ್ಷದಿಂದ 50 ಲಕ್ಷ ರೂಪಾಯಿಗೆ ಏರಿತು. ಊರಿನ ಮದುವೆಗಳಿಗೆ ಹಾಳೆ ತಟ್ಟೆ ಬಂದೇಬರುತ್ತದೆ ಎಂದು ಎಲ್ಲರೂ ಅಂದುಕೊಂಡರು. ಆದರೆ ಒಳಮೈಗೆ ತೆಳು ಪ್ಲಾಸ್ಟಿಕ್ ಬಳಿದ ಕಾಗದದ ತಟ್ಟೆ ಅಂಗಡಿಗಳಲ್ಲಿ ಉಳಿದುಕೊಂಡಿತು, ಬೆಲೆಯಲ್ಲಿ ಅದರ ಮುಂದೆ ಹಾಳೆ ನಿಲ್ಲಲಿಲ್ಲ. ಒಳ್ಳೆಯ ಬೆಲೆ ಸಿಕ್ಕಿದ್ದು ಹೊರದೇಶದಲ್ಲಿ, ಪರಿಸರದ ಹೆಸರಿನಲ್ಲಿ.

ಹೀಗೆ ಮಲೆನಾಡಿನ ತಟ್ಟೆ ಹಡಗು ಹತ್ತಿತು. ಮಾಡಿದವರು ಮಾತ್ರ ರಫ್ತುದಾರರಾಗಲಿಲ್ಲ. ಹತ್ತಾರು ಘಟಕಗಳ ಸರಕನ್ನು ಒಟ್ಟುಗೂಡಿಸಿ ಕಂಟೇನರ್ ತುಂಬಿಸುವ ವ್ಯಾಪಾರಿಗಳಿಗೆ ಇವರು ಮಾರುತ್ತಿದ್ದರು. ಚುಕ್ಕೆಯಿಲ್ಲದ, ಒಂದೇ ಬಣ್ಣದ ತಟ್ಟೆ ಮೊದಲ ದರ್ಜೆ, ಉಳಿದದ್ದು ಊರಿಗೆ. ತನ್ನ ತಟ್ಟೆ ಯಾವ ದೇಶ ಸೇರಿತೆಂದು ಮಾಡಿದವರಿಗೆ ಗೊತ್ತಿಲ್ಲ, ಅದು ಯಾವ ತೋಟದ ಹಾಳೆ, ಯಾವ ತಿಂಗಳಿನದು, ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ ತಾಗಿತ್ತೇ ಎಂಬುದು ಕೊಂಡವರಿಗೆ ಗೊತ್ತಿಲ್ಲ. ಬೇಡಿಕೆ ಇದ್ದ ದಿನಗಳಲ್ಲಿ ಇಂಥ ದಾಖಲೆಯನ್ನು ಯಾರೂ ಕೇಳಲಿಲ್ಲ, ಯಾರೂ ಬರೆದಿಡಲೂ ಇಲ್ಲ. ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಕೃಷಿ ಉಪ ಉತ್ಪನ್ನಗಳಿಂದ ಮಾಡಿದ ಊಟದ ಸಾಮಗ್ರಿಗಳಿಗೆ ಐಎಸ್ 18267 ಎಂಬ ಮಾನದಂಡ ಹೊರಡಿಸಿತು. ಎಲೆ, ಹಾಳೆ ಎರಡೂ ಅದರ ವ್ಯಾಪ್ತಿಯಲ್ಲಿವೆ, ರಾಸಾಯನಿಕ, ಅಂಟು ಬಳಸಬಾರದೆಂದೂ ಅದು ಹೇಳುತ್ತದೆ. ಹಳ್ಳಿಯ ಒಂದು ಘಟಕ ಅದಕ್ಕೆ ತಕ್ಕಂತೆ ಪರೀಕ್ಷೆ ಮಾಡಿಸಬೇಕೆಂದರೆ ಅಚ್ಚು ನಿಲ್ಲಿಸಿ ಪೇಟೆಗೆ ಅಲೆಯಬೇಕು, ಶುಲ್ಕವನ್ನೂ ತಾನೇ ಕಟ್ಟಬೇಕು.

ಎಫ್‌ಡಿಎ ಮಾತು ಬಂದದ್ದು ಈ ಸ್ಥಿತಿಯಲ್ಲಿ. ಅಲ್ಲಿನ ನಿಯಮದಂತೆ ಆಹಾರಕ್ಕೆ ಇಳಿಯಬಹುದಾದ ವಸ್ತುವಿಗೆ ಮೊದಲೇ ಅನುಮತಿ ಇರಬೇಕು, ಇಲ್ಲವೇ ಅದು ಸುರಕ್ಷಿತವೆಂದು ತಜ್ಞರ ವಲಯದಲ್ಲಿ ಸಾಮಾನ್ಯವಾಗಿ ಒಪ್ಪಿತವಾಗಿರಬೇಕು. ಸುರಕ್ಷಿತವೆಂದು ತೋರಿಸುವ ಹೊಣೆ ಮಾರುವವರದು. ಇಲ್ಲಿ ನಮ್ಮವರ ಉತ್ತರ ‘ನಮ್ಮ ದನಗಳು ತಲೆತಲಾಂತರದಿಂದ ಹಾಳೆ ತಿಂದಿವೆ’ ಎಂಬುದು. ಅನುಭವದ ಮಾತಾಗಿ ಅದಕ್ಕೆ ಬೆಲೆಯಿದೆ, ಪ್ರಯೋಗಾಲಯದ ಪ್ರಶ್ನೆಗೆ ಅದು ಉತ್ತರವಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು 2004ರ ವರದಿಯಲ್ಲಿ ಹೇಳಿದ್ದು ಜಗಿಯುವ ಅಡಿಕೆಯ ಬಗ್ಗೆ. ಹಾಳೆ ಬೇರೆ ಭಾಗ. ಆದರೆ ‘ಹಾಳೆ ಬೇರೆ’ ಎಂದು ಹೇಳಿದರಷ್ಟೇ ಸಾಲದು. ಬಿಸಿ ಸಾರು, ಹುಳಿ ಮಜ್ಜಿಗೆ, ಎಣ್ಣೆಯ ಪಲ್ಯ ಒಂದು ಗಂಟೆ ತಟ್ಟೆಯಲ್ಲಿದ್ದರೆ ಎಷ್ಟು ಇಳಿಯುತ್ತದೆ, ನೆನೆಸಿ ತೊಳೆದರೆ ಎಷ್ಟು ಕಡಿಮೆಯಾಗುತ್ತದೆ, ಬೇಸಿಗೆಯ ಹಾಳೆಗೂ ಮಳೆಗಾಲದ ಹಾಳೆಗೂ ವ್ಯತ್ಯಾಸವಿದೆಯೇ ಎಂಬುದನ್ನು ಅಳೆದು ತೋರಿಸಬೇಕು. ಇದೇ ತಟ್ಟೆಯಲ್ಲಿ ನಮ್ಮ ಮಕ್ಕಳೂ ಉಣ್ಣುತ್ತಾರೆ. ಅಮೆರಿಕ ಕೇಳದಿದ್ದರೂ ಈ ಲೆಕ್ಕ ನಮಗೆ ಬೇಕಿತ್ತು.

ಸುಂಕದ ಗಂಟು ಸರ್ಕಾರಗಳ ನಡುವಿನ ಮಾತುಕತೆಯದು, ಅದು ಸಡಿಲವಾದರೂ ತಟ್ಟೆಗೆ ಅಮೆರಿಕದ ಬಾಗಿಲು ತೆರೆಯುವುದಿಲ್ಲ. ತೆರೆಯುವುದು ಪರೀಕ್ಷೆಯ ಅಂಕಿಗಳು ಮಾತ್ರ. ಅದಕ್ಕೆ ಬೇಕಾದ ಜ್ಞಾನ ದೂರವೇನಿಲ್ಲ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವಿದೆ, ಮೈಸೂರಿನಲ್ಲಿ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಕಾಸರಗೋಡಿನಲ್ಲಿ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇವೆ. ಹಣದ ವಿಷಯದಲ್ಲಿ ಘಟಕದವರು ಕೇಳುವುದು ನ್ಯಾಯವಾಗಿದೆ: ಒಬ್ಬರು ಮಾಡಿಸಿದ ಪರೀಕ್ಷೆಯ ಫಲ ಎಲ್ಲರಿಗೂ ಸಲ್ಲುವುದಾದರೆ, ಖರ್ಚನ್ನು ಒಬ್ಬರೇ ಏಕೆ ಹೊರಬೇಕು? ಧಾರಣೆ ಕುಸಿದಾಗ ಅಡಿಕೆಯನ್ನು ಕೊಂಡು ಬೆಳೆಗಾರರನ್ನು ಹಿಡಿದು ನಿಲ್ಲಿಸಿದ ಸಹಕಾರ ಸಂಘಗಳ ಅನುಭವ ಈ ಜಿಲ್ಲೆಗೆ ಹೊಸದಲ್ಲ. ಹಾಳೆಗೂ ಅಂಥದ್ದೊಂದು ಸಂಘ, ಅದರ ಹೆಸರಿನಲ್ಲಿ ತೋಟವಾರು ದಾಖಲೆ, ಹಂಗಾಮಿಗೊಮ್ಮೆ ಮಾದರಿ ಪರೀಕ್ಷೆ ಎಂಬ ಮಾತು ಈಗ ಘಟಕದವರ ನಡುವೆ ಕೇಳಿಬರುತ್ತಿದೆ. ಸಬ್ಸಿಡಿಯ ಮೂರು ವರ್ಷ ಇನ್ನೂ ಮುಗಿಯದ ಘಟಕಗಳಿಗೆ ಇದು ತುರ್ತಿನ ವಿಷಯ. ಕಂತು ತಪ್ಪಿ ಘಟಕ ನಿಂತರೆ ಠೇವಣಿಯಲ್ಲಿರುವ ಸಬ್ಸಿಡಿಯೂ ಕೈತಪ್ಪಬಹುದು. ಅವರು ಸದ್ಯ ಬೆಂಗಳೂರಿನ ಅಡುಗೆ ಗುತ್ತಿಗೆದಾರರಿಗೆ, ದೇವಸ್ಥಾನಗಳ ಸಂತರ್ಪಣೆಗೆ ಕಡಿಮೆ ಲಾಭಕ್ಕೆ ತಟ್ಟೆ ಕೊಟ್ಟು ಕಂತು ಕಟ್ಟುತ್ತಿದ್ದಾರೆ.