ಜಿರಳೆ ಎಂದ ಪ್ರೊಫೆಸರ್

"ಓದಿದವರು ಇಂಥದ್ದಕ್ಕೆ ಇಳಿಯೋದಿಲ್ಲ ಅಲ್ವಾ ಸರ್?" ದ್ವೇಷದ ಮಾತಿನ ಬಗ್ಗೆ ಪಾಠ ಶುರು ಮಾಡಿದಾಗೆಲ್ಲ ಯಾರಾದರೊಬ್ಬರು ಕೇಳುತ್ತಾರೆ. ನಾನು ಫರ್ಡಿನಾಂಡ್ ನಹಿಮಾನಾ ಕಥೆ ಹೇಳುತ್ತೇನೆ. ಆಫ್ರಿಕಾದ ರುವಾಂಡಾದಲ್ಲಿ ಇತಿಹಾಸದ ಪ್ರೊಫೆಸರ್ ಆಗಿದ್ದವರು. 1993ರಲ್ಲಿ ಆರ್‌ಟಿಎಲ್‌ಎಂ ರೇಡಿಯೋ ಕಟ್ಟಿದವರಲ್ಲಿ ಒಬ್ಬರು. ಆ ರೇಡಿಯೋ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನರನ್ನು 'ಇನ್ಯೆಂಜಿ' ಎಂದು ಕರೆಯಿತು. ಹಾಗೆಂದರೆ ಜಿರಳೆ. 1994ರಲ್ಲಿ ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನರ, ಹೆಚ್ಚಾಗಿ ಟುಟ್ಸಿಗಳ, ಕೊಲೆಯಾಯಿತು. ಅಂತಾರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ನಹಿಮಾನಾ ಅಪರಾಧಿ ಎಂದಿತು. ಆಗ ಕೊಟ್ಟ ಜೀವಾವಧಿ ಶಿಕ್ಷೆ ಮೇಲ್ಮನವಿಯಲ್ಲಿ 30 ವರ್ಷಕ್ಕೆ ಇಳಿಯಿತು.

ದ್ವೇಷವನ್ನು ಅಧ್ಯಯನ ಮಾಡುವವರು ಮೊದಲು ತಮ್ಮ ಮನೆಯನ್ನೇ ನೋಡಿಕೊಳ್ಳಬೇಕು ಎಂದು ನಾನು ಹೇಳುವುದು ಇದಕ್ಕೇ.

ನಮ್ಮ ಕೆಲಸ ಹೆಚ್ಚಾಗಿ ನಡೆಯುವುದು ಕಂಪ್ಯೂಟರ್ ಮುಂದೆ. ಸಾಮಾಜಿಕ ಜಾಲತಾಣದ ಒಂದೇ ಪೋಸ್ಟನ್ನು ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಕೂತು ಓದುತ್ತಾರೆ. ಇದು ಟೀಕೆಯೋ, ಬೈಗುಳವೋ, ದ್ವೇಷವೋ ಎಂದು ಗುರುತು ಹಾಕುತ್ತಾರೆ. ಒಮ್ಮೆ 'ಇವರು ಎಲ್ಲ ಕಡೆ ಹರಡಿಕೊಳ್ತಿದ್ದಾರೆ' ಎಂಬ ಸಾಲು ಬಂತು. ಒಬ್ಬ ಟೀಕೆ ಎಂದ, ಒಬ್ಬಳು ದ್ವೇಷ ಎಂದಳು. ಸಾಲಿನಲ್ಲಿ ಒಂದೂ ಕೆಟ್ಟ ಪದ ಇಲ್ಲ. ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಅವಳು, "ಹರಡೋದು ರೋಗ ಅಲ್ವಾ?" ಎಂದಳು. ಎಲ್ಲರೂ ಸುಮ್ಮನಾದರು. ಬೈಗುಳ ಹುಡುಕುವ ಮುಂಚೆ, ಮನುಷ್ಯರನ್ನು ಯಾವುದಕ್ಕೆ ಹೋಲಿಸಿದ್ದಾರೆ ನೋಡಿ ಎಂದು ಅವತ್ತೇ ನಮ್ಮ ನಿಯಮಗಳಲ್ಲಿ ಸೇರಿಸಿದೆವು.

ಇಂಥದ್ದನ್ನು ದಿನವಿಡೀ ಓದಿದರೆ ಮನಸ್ಸು ಕುಗ್ಗುತ್ತದೆ. ತಮ್ಮದೇ ಸಮುದಾಯದ ಮೇಲಿನ ವಿಷ ಓದುವವರಿಗಂತೂ ಜಾಸ್ತಿ. ಎಷ್ಟು ಹೊತ್ತು ಓದಬೇಕು, ಯಾರು ಬೇಡ ಎನ್ನಬಹುದು ಎಂದು ಮೊದಲೇ ಗೊತ್ತುಮಾಡುವುದು ಮುಖ್ಯಸ್ಥರ ಹೊಣೆ.

ದ್ವೇಷಕ್ಕೆ ಮದ್ದೇನು ಎಂಬ ವಿಷಯಕ್ಕೆ ಬಂದರೆ, ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ್ದು ಇವತ್ತಿಗೂ ದಾರಿ ತೋರಿಸುತ್ತದೆ. ಸಮಾನ ಸ್ಥಾನ, ಒಂದೇ ಗುರಿ, ಸಹಕಾರ, ಮೇಲಿನವರ ಬೆಂಬಲ: ಇವಿದ್ದರೆ ಒಡನಾಟ ಪೂರ್ವಗ್ರಹವನ್ನು ತಗ್ಗಿಸುತ್ತದೆ. ನಾಲ್ಕನೆಯದು ನೇರವಾಗಿ ನಮ್ಮಂಥ ಮೇಷ್ಟ್ರುಗಳ ಕೈಯಲ್ಲಿದೆ.

ಅದೇ ರುವಾಂಡಾದಲ್ಲಿ, ರೇಡಿಯೋ ಎಂಬ ಅದೇ ಮಾಧ್ಯಮದ ಮೂಲಕ (ಆದರೆ ಆರ್‌ಟಿಎಲ್‌ಎಂ ಅಲ್ಲ), ಆಮೇಲೆ ಸಾಮರಸ್ಯದ ನಾಟಕವೊಂದು ಪ್ರಸಾರವಾಯಿತು. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲೆವಿ ಪಲುಕ್ ಅದರ ಪರಿಣಾಮವನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಕೇಳುಗರ ಸ್ವಂತ ನಂಬಿಕೆ ಅಷ್ಟಾಗಿ ಬದಲಾಗಿರಲಿಲ್ಲ. ಬದಲಾಗಿದ್ದು, ನಮ್ಮ ನಡುವೆ ಯಾವುದು ಸರಿ ಎಂಬ ಅಂದಾಜು, ಮತ್ತು ಅದರ ಜೊತೆ ನಡವಳಿಕೆ.

ಇದನ್ನು ಓದಿದ ಮೇಲೆ ವಿಭಾಗದ ಸಭೆಗಳಲ್ಲಿ ನಾನು ಕೂರುವ ರೀತಿಯೇ ಬದಲಾಗಿದೆ. ಯಾರೋ 'ಆ ಜನ ಹಂಗೇ ಬಿಡಿ' ಎಂದರೆ ಮೊದಲು ಕಡತದ ಕಡೆ ನೋಡುತ್ತಿದ್ದೆ. ಈಗ ಅಲ್ಲೇ ತಡೆದು, "ಯಾವ ಜನ? ಹೇಗೆ?" ಎಂದು ಕೇಳುತ್ತೇನೆ. ಮೂಲೆಯಲ್ಲಿ ಟಿಪ್ಪಣಿ ಬರೆಯುತ್ತಿರುವ ಸಂಶೋಧನಾ ವಿದ್ಯಾರ್ಥಿ ಆಗ ತಲೆ ಎತ್ತಿ ನೋಡುತ್ತಾಳೆ.